ಹೇಳಿದ ಮೇಲೆ ನೀರು ಕೇಳು

ಕುಷ್ಠರೋಗದ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ಜೇವರ್ಗಿಯ ನಮ್ಮ ಮನೆಗೆ ಬಂದಿದ್ದರು. ಚಹಾ ಮುಗಿಯುವವರೆಗೆ ವರ್ಗಾವಣೆ, ಬಸ್ಸಿನ ತ್ರಾಸು, ಯಾವ ಸಾಹೇಬರ ಕಿರಿಕಿರಿ ಹೆಚ್ಚು, ಇವೇ ಮಾತು. ಏಳುವ ಹೊತ್ತಿಗೆ ಒಬ್ಬಳು ಮೆಲ್ಲಗೆ ಬಾಯಿ ಬಿಟ್ಟಳು.

"ಬಾಯಾರ, ಮಚ್ಚಿ ನೋಡೂದು ಕಲಿಸ್ಯಾರ, ಗುಳಿಗಿ ಕೊಡೂದು ಕಲಿಸ್ಯಾರ. ಆದ್ರ ನಿನಗ ಈ ರೋಗ ಅದ ಅಂತ ಎದುರಿಗಿದ್ದವರಿಗೆ ಹೆಂಗ ಹೇಳಬೇಕ್ರಿ? ಅದೊಂದು ಯಾರೂ ಹೇಳಿಕೊಡ್ಲಿಲ್ಲ."

"ನಮಗೂ ಹೇಳಿಕೊಟ್ಟಿದ್ದಿಲ್ಲವ್ವಾ" ಅಂದೆ. ಅಷ್ಟು ಅಂದು ಕಳಿಸಿಬಿಟ್ಟೆನಲ್ಲ ಎಂದು ಆಮೇಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು, ಯಾರು ಅದನ್ನು ತಡೆದರು ಎಂಬುದನ್ನೆಲ್ಲ ಬರೆಯುವುದಿಲ್ಲ. ಅದರಿಂದ ನಿಮಗೆ ಎಳ್ಳಷ್ಟೂ ಉಪಯೋಗವಿಲ್ಲ.

ನಾನು ಕೆಲಸಕ್ಕೆ ಸೇರಿದ್ದು ಆಳಂದದಲ್ಲಿ, ಎಪ್ಪತ್ತರ ದಶಕದ ಕೊನೆಗೆ. ಊರೂರು ತಿರುಗಬೇಕು, ಮನೆಮನೆಯಲ್ಲಿ ಮಂದಿಯ ಮೈ ನೋಡಬೇಕು. ತಿಳಿಬಣ್ಣದ ಮಚ್ಚೆ ಕಂಡರೆ ಕಣ್ಣು ಮುಚ್ಚಿಸಿ, ಹತ್ತಿಯ ಎಳೆ ತಾಗಿಸಿ, "ಎಲ್ಲಿ ಮುಟ್ಟೀನಿ, ಬೆರಳಿಟ್ಟು ತೋರಸ್ರಿ" ಅನ್ನಬೇಕು. ಬೆರಳು ಏಳಲಿಲ್ಲವೆಂದರೆ ಅಲ್ಲಿಗೆ ನಮ್ಮ ಕೆಲಸ ಶುರು. ನಮ್ಮ ಕಡೆ ಅದಕ್ಕೆ ಮಹಾರೋಗ ಅನ್ನುತ್ತಾರೆ. ಆ ಹೆಸರು ಹೇಳುವಾಗ ಮಂದಿ ದನಿ ಸಣ್ಣದು ಮಾಡುತ್ತಿದ್ದರು.

ಈ ಕೆಲಸಕ್ಕೆ ಹೆಣ್ಣುಮಕ್ಕಳು ಬರುತ್ತಲೇ ಇರಲಿಲ್ಲ. ಎಲ್ಲಾ ಮುಟ್ಟುವ ಕೆಲಸ ನೋಡಿ! ನಮ್ಮಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡವನು. ನಮ್ಮ ಮನೆ ಊರ ಹೊರಗಿನ ಕೇರಿಯಲ್ಲಿ. ನಮ್ಮನ್ನೇ ಮುಟ್ಟದ ಊರಿನಲ್ಲಿ ಬೆಳೆದವಳಿಗೆ ಇನ್ನೊಬ್ಬರನ್ನು ಮುಟ್ಟಲು ಎಂಥ ಅಂಜಿಕೆ? ಅರ್ಜಿ ಹಾಕಿದೆ, ತಗೊಂಡರು.

ಮೊದಲ ಸಲ ಒಬ್ಬರಿಗೆ ಹೇಳಬೇಕಾಗಿ ಬಂದದ್ದು ನಿಂಬರ್ಗಾದ ತೊಗರಿ ಹೊಲದಲ್ಲಿ. ಹಣಮಂತ ಮುತ್ಯಾ ಅಂತ, ಕೂಲಿ ಮಾಡುವ ಹಿರಿಯ. ಬೆನ್ನ ಮೇಲೆ ಮಚ್ಚೆ, ಕಿವಿಯ ಹಾಲೆ ದಪ್ಪಗಾಗಿದ್ದವು. ನಾನು ಅವನ ಎದುರು ಬದುವಿನ ಮೇಲೆ ಕೂತು ಮಳೆಯ ಮಾತಾಡಿದೆ, ತೊಗರಿಯ ಹುಳದ ಮಾತಾಡಿದೆ, ಅವನ ಎತ್ತಿನ ಮಾತಾಡಿದೆ. ಅವನಿಗೆ ಎತ್ತೇ ಇರಲಿಲ್ಲ! ಕೊನೆಗೆ ಅವನೇ ಕುಡುಗೋಲು ಕೆಳಗಿಟ್ಟ.

"ಏ ತಂಗಿ, ಮಹಾರೋಗ ಅಂತ ಹೇಳಾಕ ಬಂದೀದಿ, ಹೌದಿಲ್ಲೋ? ನನಗ ಗೊತ್ತದ. ನಿನಗ ಧೈರ್ಯ ಬರ್ಲಿ ಅಂತ ಸುಮ್ಮ ಕುಂತೀನಿ. ಮಳಿ ಮುಗೀತು, ತೊಗರಿ ಮುಗೀತು, ಇನ್ನ ಎಷ್ಟೊತ್ತ ಅಂತ ಮಾತಾಡ್ತಿ?"

ನನ್ನ ಮುಖ ಸಣ್ಣದಾಯಿತು. ಅವನೇ ನನಗೆ ಸಮಾಧಾನ ಹೇಳಿದ. ಗುಳಿಗೆ ಇಸಗೊಂಡು ತಲೆಯ ಪಟಗಾದ ತುದಿಗೆ ಗಂಟು ಹಾಕಿಕೊಂಡ. "ನಮ್ಮ ಮುದುಕಿಗೆ ನಾನೇ ಹೇಳ್ತೇನಿ. ಅದು ನಿನ್ನ ಕೆಲಸ ಅಲ್ಲ" ಅಂದು ಮತ್ತೆ ಕುಡುಗೋಲು ಹಿಡಿದ.

ನನ್ನ ಮೇಲ್ವಿಚಾರಕರು ಮಕ್ಬೂಲ್ ಸಾಹೇಬರು ಅಂತ, ವಯಸ್ಸಾದವರು. ಕೆಲಸದಲ್ಲಿ ಬಲು ಕಟ್ಟುನಿಟ್ಟು, ಮಾತಿನಲ್ಲಿ ಬೆಣ್ಣೆ. ದೂರದಲ್ಲಿ ನಿಂತು ಇದನ್ನೆಲ್ಲ ನೋಡಿದ್ದರು. ಸೈಕಲ್ಲು ತಳ್ಳಿಕೊಂಡು ತಿರುಗಿ ಬರುವಾಗ ಹೇಳಿದರು: "ಸುಮಿತ್ರಾ ಬೇಟಿ, ಸುತ್ತಿ ಬಳಸಿ ಹೇಳಬಾರದು. ಸೀದಾ ಹೇಳು, ಆದ್ರ ಮೆಲ್ಲಗ ಹೇಳು. ಹೇಳಿದ ಮ್ಯಾಲ ನೀರು ಕೇಳು. ಅವರ ಕೈಲೇ ಇಸಗೊಂಡು ಅವರ ಎದುರಿಗೇ ಕುಡಿ. ಹೇಳೂಕಿಂತ ಮೊದಲ ಯಾರ ಬೇಕಾದ್ರೂ ಕುಡೀತಾರ. ಹೇಳಿದ ಮ್ಯಾಲ ಕುಡದ್ರ ಅವರಿಗೆ ತಿಳೀತದ, ನಾ ಇನ್ನಾ ಮನುಷ್ಯಾ ಇದ್ದೀನಿ ಅಂತ."

ಸಾಹೇಬರು ಮನೆಮನೆಯಲ್ಲಿ ಹಾಗೇ ಮಾಡುತ್ತಿದ್ದರು. ನಾನೂ ಕಲಿತೆ. ಆಳಂದದಲ್ಲಿ ಇದ್ದಷ್ಟು ವರ್ಷವೂ ಆ ಪಾಠ ಕೈಕೊಡಲಿಲ್ಲ. ಅದು ನಡೆಯದ ಮನೆ ಸಿಕ್ಕಿದ್ದು ಅಫಜಲಪುರಕ್ಕೆ ಬಂದ ಮೇಲೆ, ಅತನೂರಿನಲ್ಲಿ.

ಅತನೂರಿನ ಸಂಗಮ್ಮನವರದು ಉಂಡುಟ್ಟು ಸುಖವಾಗಿದ್ದ ಲಿಂಗವಂತರ ಮನೆ. ಗೋಡೆಯ ತುಂಬ ಶರಣರ ಪಟ, ಬಾಗಿಲಲ್ಲಿ ದಿನಾ ರಂಗೋಲಿ. ಗಂಡ ತೀರಿದ ಮೇಲೆ ಮನೆಯನ್ನು ಆಕೆಯೇ ನಡೆಸುತ್ತಿದ್ದಳು. ಕೆಟ್ಟ ಹೆಂಗಸೇನಲ್ಲ. ಬಂದವರನ್ನು ಹಸಿದು ಕಳಿಸಿದವಳಲ್ಲ. ಆದರೆ ನನ್ನ ಕೇರಿ ಯಾವುದೆಂದು ಮೊದಲ ದಿನವೇ ಕೇಳಿ ತಿಳಿದುಕೊಂಡಳು. ಅಂದಿನಿಂದ ನನ್ನ ಜಾಗ ಹೊರಗಿನ ಕಟ್ಟೆ. ಕಟ್ಟೆಯ ಮೇಲಿನ ಗೂಡಿನಲ್ಲಿ ನನಗೆಂದೇ ಒಂದು ಸ್ಟೀಲಿನ ಗ್ಲಾಸು, ಅಂಚು ನೆಗ್ಗಿದ್ದು. ಮೇಲಿನಿಂದ ನೀರು ಹೊಯ್ಯುತ್ತಿದ್ದಳು. ಕುಡಿದು ನಾನೇ ತೊಳೆದು ಬೋರಲಿಡಬೇಕು. ಸಿಟ್ಟು ಬರುತ್ತಿರಲಿಲ್ಲವೇ ಅಂದರೆ, ಬರುತ್ತಿತ್ತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ನನ್ನನ್ನು ಕಂಡವರಿಗೆಲ್ಲ ಗೊತ್ತು. ಆದರೆ ಜಗಳ ಮಾಡಿದರೆ ಆ ಮನೆಯವರ ಮೈ ನೋಡುವವರು ಯಾರು? ನುಂಗಿಕೊಂಡೆ.

ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಕೂತಿದ್ದೆ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಸಂಗಮ್ಮ ಹೊಸ್ತಿಲಲ್ಲಿ ನಿಂತು ಸೊಸೆಯನ್ನು ಹೊಗಳತೊಡಗಿದಳು. ಅತ್ತೆ ಸೊಸೆಯನ್ನು ಹೊಗಳುವುದೆಂದರೆ ನಾನೂ ಕಿವಿ ನಿಮಿರಿಸಿದೆ.

"ನಮ್ಮ ನೀಲಮ್ಮನಂಗ ರೊಟ್ಟಿ ಮಾಡಾಕಿ ಈ ಊರಾಗ ಇಲ್ಲ ನೋಡು. ಎಲ್ಲಾರೂ ಉಫ್ ಉಫ್ ಅಂತ ತಿರುವ್ತಾರ, ಅರಿವಿ ಹಿಡೀತಾರ. ಈಕಿ ಕೆಂಡದ ಮ್ಯಾಲಿನ ರೊಟ್ಟಿ ಬರೀಗೈಲೇ ಒತ್ತಿ ಹಿಡೀತಾಳ. ಹಾ ಅನ್ನಂಗಿಲ್ಲ, ಹೂ ಅನ್ನಂಗಿಲ್ಲ. ಬೆಂಕಿಗೇ ಅಂಜಾಂಗಿಲ್ಲ!"

ರೊಟ್ಟಿ ಮಾಡುವ ಎಲ್ಲರ ಕೈಯೂ ಬಿಸಿಗೆ ಒಗ್ಗಿರುತ್ತದೆ. ಆದರೆ ಕೆಂಡದ ಮೇಲೆ ಒತ್ತಿ ಹಿಡಿಯುವುದು ಜಾಣತನವಲ್ಲ, ಅದು ಕೈಗೆ ಸುದ್ದಿ ಮುಟ್ಟುತ್ತಿಲ್ಲ ಅನ್ನುವುದರ ಗುರುತು. "ಅವ್ವಾರ, ಎಲ್ಲಾರ್ನೂ ನೋಡೇನಿ, ನಿಮ್ಮ ಸೊಸಿ ಒಬ್ಬಾಕಿ ಉಳಿದಾಳ" ಅಂದೆ. ಹಿತ್ತಲಿಗೆ ಸುತ್ತಿಕೊಂಡು ಹೋಗಿ ದನದ ಕೊಟ್ಟಿಗೆಯ ಮಗ್ಗುಲಿಗೆ ನಿಂತೆ. ನೀಲಮ್ಮ ಹಿಟ್ಟಿನ ಕೈಯಲ್ಲೇ ಬಂದಳು. ಎಳೆಯ ಹುಡುಗಿ, ತವರು ಆಳಂದ ಕಡೆಯ ಮಟಕಿ. ಎಡಗೈಯ ಕಿರುಬೆರಳಿನ ಬದಿಗೆ ಸುಟ್ಟ ಕಲೆಗಳು ಒಂದರ ಮೇಲೊಂದು. ಮೊಳಕೈ ಹತ್ತಿರ ನರ ಹಗ್ಗದಂತೆ ದಪ್ಪಗಾಗಿತ್ತು. ಕಣ್ಣು ಮುಚ್ಚಿಸಿ ಎಡ ಅಂಗೈಗೆ ಹತ್ತಿ ತಾಗಿಸಿದೆ. ಆಕೆ ಕಾಯುತ್ತಾ ನಿಂತೇ ಇದ್ದಳು.

"ಇನ್ನಾ ಮುಟ್ಟೇ ಇಲ್ಲಲ್ರಿ ಬಾಯಾರ?"

ಮಕ್ಬೂಲ್ ಸಾಹೇಬರನ್ನು ನೆನೆಸಿಕೊಂಡೆ. ಸೀದಾ ಹೇಳಿದೆ, ಮೆಲ್ಲಗೆ ಹೇಳಿದೆ. "ನೀಲಮ್ಮಾ, ಇದು ಕುಷ್ಠರೋಗ. ನರಕ್ಕ ಬ್ಯಾನಿ ಬಿದ್ದದ, ಅದಕ್ಕ ಅಂಗೈ ಮರಗಟ್ಟ್ಯಾದ. ಗುಳಿಗಿ ತಗೊಂಡ್ರ ರೋಗ ಹೋಗ್ತದ."

ಆಕೆ ಅಳುತ್ತಾಳೆ, ಬೀಳುತ್ತಾಳೆ, ಸುಳ್ಳು ಅನ್ನುತ್ತಾಳೆ ಅಂತ ತಯಾರಾಗಿದ್ದೆ. ಅತ್ತದ್ದೇನೋ ಹೌದು. ಆದರೆ ಅಳುತ್ತಾ ಅಂದದ್ದೇ ಬೇರೆ.

"ಹಂಗಾದ್ರ ಇದು ರೋಗ ಏನ್ರಿ? ಬರೇ ರೋಗ? ನಾ ದಿನಾ ಜಳಕಾ ಮಾಡಿ ಲಿಂಗಪೂಜಿಗೆ ಕುಂಡ್ರತೇನಿ. ಕಣ್ಣು ಮುಚ್ಚಿದ್ರ ಅಂಗೈಯಾಗ ಲಿಂಗ ಅದನೋ ಇಲ್ಲೋ ತಿಳೀವಲ್ದು. ಮೊದಲ ತಣ್ಣಗ ಗೊತ್ತಾಗ್ತಿತ್ತು, ಭಾರ ಗೊತ್ತಾಗ್ತಿತ್ತು. ಶಿವಾ ನನ್ನ ಅಂಗೈ ಬಿಟ್ಟು ಹೋಗ್ಯಾನ, ನಾ ಏನ ಪಾಪ ಮಾಡೇನೋ ಅಂತ ಒಳಗೊಳಗ ಸಾಯಾಕತ್ತಿದ್ದೆ. ಯಾರ ಮುಂದ ಹೇಳ್ಲಿ? ಅಂವಾ ಹೋಗಿಲ್ಲ ಅಂದ್ರ ಸಾಕ್ರಿ. ರೋಗ ಇದ್ರ ಇರವಲ್ದ್ಯಾಕ."

ನೀವು ಹೊಸಬರು ಇದನ್ನು ಗಟ್ಟಿಯಾಗಿ ನೆನಪಿಡಿ. ನಾವು ಹೇಳುವ ಸುದ್ದಿ ಅವರ ಬದುಕನ್ನು ಎಲ್ಲಿ ಮುಟ್ಟುತ್ತದೆ ಅನ್ನುವುದು ನಮಗೆ ಗೊತ್ತಿರುವುದಿಲ್ಲ. ಹೇಳಿ ಮುಗಿಸಿ ಸುಮ್ಮನಿರಬೇಕು. ಆಕೆಯ ಅಳು ನಿಂತ ಮೇಲೆ ನೀರು ಕೇಳಿದೆ. ಆಕೆ ಓಡಿಹೋಗಿ ಗೂಡಿನೊಳಗಿನ ನೆಗ್ಗಿದ ಗ್ಲಾಸು ತಂದಳು. ಕೈಯಿಂದ ಕೈಗೆ ಕೊಟ್ಟಳು. ಆ ಮನೆಯಲ್ಲಿ ನನಗೆ ಮೊದಲ ಸಲ ಯಾರೋ ಕೈಗೆ ನೀರು ಕೊಟ್ಟಿದ್ದರು. ಗಟಗಟ ಕುಡಿದೆ.

"ಅತ್ತಿಗೆ ಹೇಳಬ್ಯಾಡ್ರಿ" ಅಂದಳು. "ಮನ್ಯಾಗ ನಾದಿನಿ ಲಗ್ನದ ವಯಸ್ಸಿಗೆ ಬಂದಾಳ. ತಿಳದ್ರ ನನ್ನ ಮಟಕಿಗೆ ಹಾಕಿಬಿಡ್ತಾರ."

ಹೇಳಲಿಲ್ಲ. ಬಾವಿಯ ದಾರಿಯಲ್ಲಿ ಗುಳಿಗೆ ಕೊಡುತ್ತಿದ್ದೆ. ಕೈಗೆ ಕಾಣದ್ದನ್ನು ಕಣ್ಣಿನಿಂದ ನೋಡಬೇಕು, ಒಲೆಯ ಮುಂದೆ ಅರಿವೆ ಹಿಡಿಯಬೇಕು ಅಂತ ಕಲಿಸಿದೆ. ಅರಿವೆ ಹಿಡಿದರೆ ಅತ್ತೆಗೆ ಸಂಶಯ ಬರುತ್ತದಲ್ಲ? ಅದಕ್ಕೂ ಆಕೆಯೇ ಉಪಾಯ ಹುಡುಕಿದಳು. "ನಿಮ್ಮ ದೃಷ್ಟಿ ಬಿದ್ದದ ಅತ್ತಿ, ಎಲ್ಲಾರ ಮುಂದ ಹೊಗಳಿ ಹೊಗಳಿ ನನ್ನ ಕೈ ಸುಡಾಕತ್ತದ" ಅಂದಳಂತೆ. ಸಂಗಮ್ಮ ತಾನೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳಂತೆ. ಬಾವಿಯ ದಾರಿಯಲ್ಲಿ ಇದನ್ನು ಹೇಳಿ ನಕ್ಕಳು, ನಾನೂ ನಕ್ಕೆ. ಆ ನಗು ಬಹಳ ದಿನ ಉಳಿಯಲಿಲ್ಲ.

ನಮ್ಮ ಘಟಕಕ್ಕೆ ಹೊಸ ಡಾಕ್ಟರು ಬಂದರು. ವಯಸ್ಸು ಚಿಕ್ಕದು, ಉಮೇದು ದೊಡ್ಡದು. ರೋಗಿಗಳನ್ನು ಅವರವರ ಮನೆಯಲ್ಲೇ ನೋಡಬೇಕೆಂದು ಹಟ. ಒಳ್ಳೆಯದೇ. ಆದರೆ ಜೀಪಿನ ಎರಡೂ ಮಗ್ಗುಲಿಗೆ ಕೆಂಪಕ್ಷರದಲ್ಲಿ "ಕುಷ್ಠರೋಗ ನಿಯಂತ್ರಣ" ಅಂತ ಬರೆದಿತ್ತು! ನಾನು ಬೇರೆ ಊರಿನಲ್ಲಿದ್ದ ದಿನ ಆ ಜೀಪು ಅತನೂರಿಗೆ ಹೋಗಿ, ಸಂಗಮ್ಮನ ಬಾಗಿಲ ರಂಗೋಲಿಯ ಮುಂದೆ ನಿಂತು, ಹಾರ್ನು ಹೊಡೆದು, ಡ್ರೈವರು ನೀಲಮ್ಮನ ಹೆಸರು ಹಿಡಿದು ಕೂಗಿದ. ಮುಗಿಯಿತು. ಓದು ಬಂದವರು ಓದಿದರು, ಬಾರದವರು ಕೇಳಿ ತಿಳಿದರು.

ನಾನು ಹೋದಾಗ ನೀಲಮ್ಮ ಕಟ್ಟೆಯ ಮೇಲೆ, ನನ್ನ ಜಾಗದಲ್ಲಿ ಕೂತಿದ್ದಳು. ಮಗ್ಗುಲಿಗೆ ಒಂದು ಚಾಪೆ, ಒಂದು ತಾಟು. ಗೂಡು ನೋಡಿದೆ. ನನ್ನ ನೆಗ್ಗಿದ ಗ್ಲಾಸಿನ ಪಕ್ಕಕ್ಕೆ ಇನ್ನೊಂದು ಗ್ಲಾಸು, ಆಕೆಯದು. ನನ್ನ ಗ್ಲಾಸು ಒಂಟಿಯಾಗಿದ್ದಾಗ ನುಂಗಿದ ಸಿಟ್ಟೆಲ್ಲ ಆಗ ಉಕ್ಕಿ ಬಂತು.

ಒಳಗೆ ಸಂಗಮ್ಮ, ಆಕೆಯ ಮಗ, ಅಂದರೆ ನೀಲಮ್ಮನ ಗಂಡ ಮಲ್ಲಪ್ಪ, ತಂಗಿಯನ್ನು ಕರೆದೊಯ್ಯಲು ಮಟಕಿಯಿಂದ ಬಂದ ನೀಲಮ್ಮನ ಅಣ್ಣ, ಮೂವರೂ ಕೂತಿದ್ದರು. ಮಲ್ಲಪ್ಪ ನೆಲ ಕೆರೆಯುತ್ತಾ ಕೂತವನು ತಲೆ ಎತ್ತಲಿಲ್ಲ. ಮಟಕಿಗೆ ಕಳಿಸಿದರೆ ಅವರಪ್ಪ ಆಕೆಯನ್ನು ದನದ ಕೊಟ್ಟಿಗೆಯಲ್ಲಿ ಇಡುತ್ತಾನೆ, ಗುಳಿಗೆ ನಿಲ್ಲುತ್ತದೆ, ಬೆರಳು ಮಡಚುತ್ತವೆ. ಇದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು.

"ಅವ್ವಾರ, ಈ ಜಾತಿ ರೋಗ ಇನ್ನೊಬ್ಬರಿಗೆ ಹತ್ತೂದಿಲ್ಲ. ಗುಳಿಗಿ ತಗೊಳ್ಳಾಕತ್ತಾಳ. ಮಟಕಿಗೆ ಕಳಸಬ್ಯಾಡ್ರಿ" ಅಂತ ಕಟ್ಟೆಯ ಮೇಲಿಂದಲೇ ಹೇಳಿದೆ. ಆಮೇಲೆ ಸಾಹೇಬರ ಪಾಠ ಮಾಡಿದೆ. ಎಲ್ಲರೂ ನೋಡುವಂತೆ ನೀಲಮ್ಮನ ಗ್ಲಾಸಿನಲ್ಲಿ, ಆಕೆಯ ಕೈಯಿಂದಲೇ ನೀರು ತುಂಬಿಸಿಕೊಂಡು ಕುಡಿದೆ.

ಸಂಗಮ್ಮ ನನ್ನನ್ನು ನೋಡಿದಳು. ದನಿ ಏರಿಸಲಿಲ್ಲ. "ನೀ ಕುಡದ್ರ ಏನಾತು? ನೀ ನಮ್ಮ ಮನ್ಯಾಗ ಎಲ್ಲಿ ಕೊಟ್ರೂ ಕುಡ್ಯಾಕಿ. ನೀ ಕುಡದಿದ್ದಕ್ಕ ನಮ್ಮ ಮಂದಿ ಹೂ ಅಂತಾರೇನು?"

ಮಕ್ಬೂಲ್ ಸಾಹೇಬರು ಈ ಮಾತಿಗೆ ಉತ್ತರ ಕಲಿಸಿರಲಿಲ್ಲ. ಅವರು ಕುಡಿದರೆ ಒಂದು ಬೆಲೆಯಿತ್ತು. ನಾನು ಕುಡಿದರೆ ಕೆಳಗಿನ ಗ್ಲಾಸಿನಿಂದ ಕೆಳಗಿನವಳು ಕುಡಿದಂತೆ, ಅಷ್ಟೇ. ಎದ್ದು ಹೋಗಿಬಿಡೋಣ ಅನ್ನಿಸಿತು. ಸುಳ್ಳೇಕೆ, ಕಣ್ಣಲ್ಲಿ ನೀರೂ ಬಂತು.

ಆಗ ನೀಲಮ್ಮ ಕಟ್ಟೆಯಿಂದ ಎದ್ದು ಹೊಸ್ತಿಲಿಗೆ ಬಂದು ಕೂತಳು. ಕೊರಳಿನ ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡಳು, ಪೂಜೆಗೆ ಕೂತಂತೆ. ಕಣ್ಣು ಮುಚ್ಚಿದಳು.

"ಅತ್ತಿ, ಇದನ್ನ ತಗೀರಿ. ತಗದ್ರೋ ಇಲ್ಲೋ ನಾ ಹೇಳ್ತೇನಿ."

"ಏ, ಹುಚ್ಚಿ! ಒಬ್ಬರ ಲಿಂಗ ಇನ್ನೊಬ್ಬರು ಮುಟ್ಟಬಾರ್ದು."

"ನನಗೂ ಗೊತ್ತದ ಅತ್ತಿ. ಇವತ್ತೊಂದಿನ ಮುಟ್ರಿ."

ಸಂಗಮ್ಮ ಎದ್ದು ಹೊಸ್ತಿಲಿಗೆ ಬಂದಳು. ಆಮೇಲೆ ಏನು ಅನ್ನಿಸಿತೋ, ಬಗ್ಗಿ ಎರಡು ಬೆರಳಿನಿಂದ ಲಿಂಗ ಎತ್ತಿಕೊಂಡಳು. ನೀಲಮ್ಮನ ಅಂಗೈ ಬರಿದಾಯಿತು. ಆದರೆ ಆಕೆ ಕದಲಲಿಲ್ಲ. ಬರಿದಾದ ಕೈಯನ್ನು ಎದೆಯ ಮಟ್ಟಕ್ಕೆ ಹಿಡಿದುಕೊಂಡು, ಏನೋ ಬೀಳದ ಹಾಗೆ ಜೋಪಾನ ಮಾಡುತ್ತಾ ಕೂತೇ ಇದ್ದಳು. ತುಟಿಯಲ್ಲಿ ಮಂತ್ರ ನಡೆದಿತ್ತು. "ಇನ್ನಾ ತಗದಿಲ್ಲಲ್ರಿ ಅತ್ತಿ?" ಅಂದಳು.

ಮಲ್ಲಪ್ಪ ಅವತ್ತು ಮೊದಲ ಸಲ ತಲೆ ಎತ್ತಿದ. ಸಂಗಮ್ಮ ಸೊಸೆಯ ಎದುರು ಕೂತಳು. "ಅಯ್ಯ ನನ್ನವ್ವಾ, ಎಷ್ಟು ದಿನ ಆತು ಹಿಂಗ? ಬರೀ ಕೈ ಪೂಜಿ ಮಾಡಿದ್ದೇನು ನೀ? ನನಗ ಹೇಳಬಾರ್ದಾಗಿತ್ತೇನು?" ಅಂದಳು. ಲಿಂಗವನ್ನು ತಿರುಗಿ ಸೊಸೆಯ ಅಂಗೈಯಲ್ಲಿಟ್ಟಳು. ಬೀಳದಂತೆ ಆ ಸುಟ್ಟ ಬೆರಳುಗಳನ್ನು ಒಂದೊಂದಾಗಿ ತಾನೇ ಮಡಚಿದಳು. ಮಡಚುವಾಗ ಮುಟ್ಟುತ್ತಿದ್ದೇನೆ ಅನ್ನುವುದನ್ನು ಮರೆತಿದ್ದಳು. ನೆನಪಾದ ಮೇಲೂ ಕೈ ತೆಗೆಯಲಿಲ್ಲ.

ಮಟಕಿಯ ಅಣ್ಣ ಒಬ್ಬನೇ ಬಸ್ಸು ಹತ್ತಿದ.

ಮರುದಿನ ಡಾಕ್ಟರರ ಎದುರು ನನ್ನ ಸಿಟ್ಟೆಲ್ಲ ಕಕ್ಕಿದೆ. ನೌಕರಿ ಹೋಗುತ್ತದೆ ಅಂತಲೇ ತಿಳಿದಿದ್ದೆ. ಅವರು ಪೂರ್ತಿ ಕೇಳಿ, ಏಳುತ್ತಾ, "ನನಗೆ ಇದು ಹೊಳೆಯಲೇ ಇಲ್ಲಮ್ಮ" ಅಂದರು. ಮುಂದೆ ಜೀಪನ್ನು ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು ನನ್ನ ಸಂಗಡ ನಡೆದು ಬರುತ್ತಿದ್ದರು. ನೀಲಮ್ಮನ ಕೈಗೆ ರಾತ್ರಿ ಕಟ್ಟಿಕೊಳ್ಳುವ ಪಟ್ಟಿ ಮಾಡಿಸಿ ಕೊಟ್ಟವರೂ ಅವರೇ. ಅದರಿಂದಲೇ ಆಕೆಯ ಬೆರಳು ಮಡಚಲಿಲ್ಲ.

ಆಮೇಲೆ ಹೊಸ ಪದ್ಧತಿಯ ಔಷಧ ಬಂತು. ಅಲ್ಲಿಯವರೆಗೆ ಬಿಳಿ ಗುಳಿಗೆ ವರ್ಷಗಟ್ಟಲೆ ನುಂಗಬೇಕಿತ್ತು. ನುಂಗಿ ನುಂಗಿ ಬೇಸತ್ತು ಮಂದಿ ಬಿಡುತ್ತಿದ್ದರು. ಈಗ ಕೆಲವೇ ತಿಂಗಳ ಮಾತು. ತಿಂಗಳಿಗೊಮ್ಮೆ ನಮ್ಮ ಎದುರಿಗೇ ನುಂಗುವ ಕೆಂಪು ಗುಳಿಗೆ ಇರುತ್ತದಲ್ಲ, ಅದರಿಂದ ಮೂತ್ರ ಕೆಂಪಗಾಗುತ್ತದೆ ಅಂತ ಮೊದಲೇ ಹೇಳಬೇಕು. ಜೇವರ್ಗಿಯಲ್ಲಿ ನಮ್ಮವನೊಬ್ಬ ಹೇಳುವುದು ಮರೆತ. ಆ ರೋಗಿ, ದನದಂಥ ಗಟ್ಟಿ ಆಳು, "ನೆತ್ತರಾ ಹೊಂಟದ, ನಾ ಸತ್ತೆ" ಅಂತ ಹೊಯ್ಕೊಳ್ಳುತ್ತಾ ದವಾಖಾನೆಗೆ ಬಂದ. ಸಮಾಧಾನ ಮಾಡಲು ಸಾಕುಬೇಕಾಯಿತು. ಇದನ್ನು ಓದಿ ನಗಬೇಡಿ, ಹೇಳುವುದನ್ನು ಮರೆಯಬೇಡಿ.

ನೀಲಮ್ಮನ ಔಷಧ ಮುಗಿದ ದಿನ ಡಾಕ್ಟರರೇ ಮನೆಗೆ ಬಂದು, ರೋಗ ಹೋಗಿದೆ ಅಂದರು. ಅಂಗೈಗೆ ಹೋದ ಸ್ಪರ್ಶ ತಿರುಗಿ ಬರಲಿಲ್ಲ. ಅದನ್ನೂ ಸೀದಾ ಹೇಳಿದೆವು. "ಅಡ್ಡಿಯಿಲ್ರಿ, ಈಗ ಕಣ್ಣು ತೆರಕೊಂಡೇ ಪೂಜಿ ಮಾಡ್ತೇನಿ, ಇದ್ದಾನ ಅಂತ ಕಾಣ್ತದ" ಅಂದಳು. ಸಂಗಮ್ಮ ಅವತ್ತೇ ಸೊಸೆಯ ಗ್ಲಾಸು ತೆಗೆದು, ಬೂದಿ ಹಚ್ಚಿ ತೊಳೆದು ಒಳಗೆ ಇಟ್ಟಳು. ನಾನು ಕಣ್ಣು ತುಂಬಿ ನೋಡಿದೆ. ಇಷ್ಟು ವರ್ಷದ ಕೆಲಸ ಸಾರ್ಥಕ ಅನ್ನಿಸಿತು. ಆಮೇಲೆ ಗೂಡಿನ ಕಡೆ ಕಣ್ಣು ಹೋಯಿತು. ನನ್ನ ನೆಗ್ಗಿದ ಗ್ಲಾಸು ಒಂದೇ ಉಳಿದಿತ್ತು. ನನ್ನ ರೋಗಕ್ಕೆ ಗುಳಿಗೆ ಇರಲಿಲ್ಲ. ನೀಲಮ್ಮ ನನ್ನ ಮುಖ ನೋಡಿದಳು, ಗೂಡು ನೋಡಿದಳು. ನಾನು ಅವತ್ತು ನೀರು ಕುಡಿಯದೆ ಬಂದೆ.

ಕೆಲವು ತಿಂಗಳಿಗೆ ನನಗೆ ಜೇವರ್ಗಿಗೆ ವರ್ಗವಾಯಿತು. ಹೇಳಿ ಬರೋಣ ಅಂತ ಅತನೂರಿಗೆ ಹೋದೆ. ಕಟ್ಟೆಯ ಮೇಲೆ ಕೂತು ರೂಢಿಯಂತೆ ಗೂಡಿಗೆ ಕೈ ಹಾಕಿದೆ. ಖಾಲಿ. ಇನ್ನು ಅದೂ ಇಲ್ಲವೇನು ಅಂದುಕೊಂಡೆ.

ನೀಲಮ್ಮ ಬಾಗಿಲಿಗೆ ಬಂದಳು. "ಅಲ್ಲೇನು ಹುಡಕ್ತೀರಿ ಬಾಯಾರ? ನಿಮ್ಮ ಗ್ಲಾಸೂ ನಾ ಒಳಗಿನ ಗ್ಲಾಸಿನ ಸಂಗಡ ಕೂಡ್ಸಿ ಬಿಟ್ಟೇನಿ. ಬರ್ರಿ."

"ನಿಮ್ಮ ಅತ್ತಿ..." ಅಂದೆ.

ಒಳಗಿನಿಂದ ಸಂಗಮ್ಮನ ದನಿ ಬಂತು. "ಬಾಗಲಾಗ ನಿಂತ್ರ ನೀರು ಹೆಂಗ ಕೊಡೂದು? ಒಳಗ ಬಾ."

ಹೊಸ್ತಿಲು ದಾಟಿದೆ. ಅಷ್ಟು ವರ್ಷ ಬರೀ ಸಪ್ಪಳ ಕೇಳಿದ್ದ ಒಲೆಯನ್ನು ಮೊದಲ ಸಲ ನೋಡಿದೆ. ನೀಲಮ್ಮ ನನಗೆ ನೀರು ತಂದಳು, ಹೊಳೆಯುವ ನೆಟ್ಟಗಿನ ಗ್ಲಾಸಿನಲ್ಲಿ. ಸಂಗಮ್ಮ ಕಂಬಕ್ಕೆ ಆತು ಕೂತಿದ್ದಳು. ಆಕೆಯ ಕೈಯಲ್ಲೂ ಒಂದು ಗ್ಲಾಸಿತ್ತು. ನನ್ನ ಮುಖ ನೋಡದೆ, ಸಾವಕಾಶ, ಕೊನೆಯ ಗುಟುಕಿನವರೆಗೂ ಕುಡಿದು ಕೆಳಗಿಟ್ಟಳು. ಅದರ ಅಂಚು ನೆಗ್ಗಿತ್ತು.